ಪ್ಲಗ್ ಬಿಚ್ಚಿ ನೋಡ್ರಿ, ಆಮ್ಯಾಲ ಸ್ಕ್ರೂ ಮುಟ್ರಿ: ಸಣ್ಣ ಪೆಟ್ರೋಲ್ ಇಂಜಿನ್‌ದಾಗ ಬೆಂಕಿ ತಪ್ಪಿದ್ರ ಹೆಂಗ ಹಿಡಿಯೋದು

ನಮ್ಮ ಹೊಲ ಚಿತ್ತಾಪುರ ತಾಲೂಕಿನಾಗ ಕಾಗಿಣಾ ದಂಡಿಗೆ ಅದ. ಅಣ್ಣ ಬ್ಯಾಸಗಿಗೆ ಕಾಯಿಪಲ್ಲೆ ಹಚ್ಚಿದ್ದ, ಕರೆಂಟ್ ಬೇಕಾದಾಗ ಬರಂಗಿಲ್ಲ ಅಂತ 5.5 ಎಚ್‌ಪಿ ಪೆಟ್ರೋಲ್ ಪಂಪ್ ಇಟ್ಕೊಂಡಿದ್ದ, 163 ಸಿಸಿ ಫೋರ್ ಸ್ಟ್ರೋಕ್ ಇಂಜಿನ್. ಮೇ ತಿಂಗಳ ಬಿಸಲು ನಿಮಗ ಗೊತ್ತೇ ಅದ, 42-43 ಡಿಗ್ರಿ. ಆ ವಾರ ಸ್ವಿಚ್ ಬಂದ್ ಮಾಡಿದ ಮ್ಯಾಲೂ ಇಂಜಿನ್ ನಿಲ್ಲದ ಡುಗ್ ಡುಗ್ ಅಂತ ನಾಕೈದು ಸುತ್ತು ಹೊಡದು ನಿಲ್ತಿತ್ತು. ನೀರ ಬರ್ಲಾಕತ್ತದಲ್ಲ ಬಿಡು ಅಂದ್ವಿ. ಮಧ್ಯಾಹ್ನಕ್ಕ ಪವರ್ ಕಡಿಮಿ ಆಗೋದು, ಅದಕ್ಕೂ ಬಿಸಲಿಗೆ ಅಂದ್ವಿ. ನಾಕನೇ ದಿನ ಫುಲ್ ಆಕ್ಸಿಲೇಟರ್‌ದಾಗ ಓಡ್ತಾ ಓಡ್ತಾ ಗಪ್ಪನ ನಿಂತು ಬ್ರೀದರ್ ಪೈಪಿನಿಂದ ಹೊಗಿ ಬಂತು, ರಸ್ಸಿ ಎಳದ್ರ ಕೈಗೆ ಏನೂ ಬಿಗಿನೇ ಇಲ್ಲ. ಹೆಡ್ (ಸಿಲಿಂಡರ್ ಮ್ಯಾಲಿನ ಮುಚ್ಚಳ) ಬಿಚ್ಚಿದ್ರ ಪಿಸ್ಟನ್ (ಸಿಲಿಂಡರ್ ಒಳಗ ಮ್ಯಾಲ-ಕೆಳಗ ಆಡೋ ತುಂಡು) ನಡುಮಧ್ಯ ಬೆರಳು ಹೋಗೋಷ್ಟು ತೂತು.

ಹುಡುಕಿದಾಗ ಸಿಕ್ಕಿದ್ದು ಇಷ್ಟು: ಹದಿನೈದು ದಿನದ ಹಿಂದ ಪ್ಯಾಟ್ಯಾಗ ಒಂದು ಅಂಗಡ್ಯಾಗ ಪ್ಲಗ್ (ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್) ಹಾಕಿಸ್ಕೊಂಡು ಬಂದಿದ್ವಿ, ಚೂಡಿ ಸೈಜ್ ಒಂದೇ ಅದ ಅಂತ ಬ್ಯಾರೆ ನಂಬರಿನ ಪ್ಲಗ್ ಕೊಟ್ಟಿದ್ರು, ಅದು ಈ ಇಂಜಿನ್‌ಗಿಂತ ಜಾಸ್ತಿ ಗರಂ ಆಗೋ ಜಾತಿ. ಮ್ಯಾಲಿಂದ ಸಿಲಿಂಡರ್ ಸುತ್ತ ತಂಪ ಮಾಡೋ ರೆಕ್ಕಿ ಸಂದಿ ಎಲ್ಲಾ ಒಣಹುಲ್ಲು, ಎರಿಮಣ್ಣಿನ ಧೂಳು ತುಂಬಿ ಗಾಳಿ ಹಾಯ್ಲಾಕ ಜಾಗನೇ ಇರಲಿಲ್ಲ. ಎರಡೂ ಕೂಡಿ ಪಿಸ್ಟನ್ ತಿಂದ್ವು. ಇಂಜಿನ್ ನಾಕು ದಿನ ಮೊದಲೇ ಹೇಳಿತ್ತು, ನಮಗ ಅದರ ಮಾತು ತಿಳಿದಿರಲಿಲ್ಲ ಅಷ್ಟೇ. ಅವತ್ತಿನಿಂದ ಇದನ್ನ ಲಕ್ಷ್ಯ ಕೊಟ್ಟು ಕಲ್ತೀನಿ, ಪಂಪ್, ಎಣ್ಣಿ ಹೊಡಿಯೋ ಮಷಿನ್ (ಸ್ಪ್ರೇಯರ್), ಹುಲ್ಲು ಕತ್ತರಿಸೋದು, ಜನರೇಟರ್, ಬೈಕ್ ಇರೋ ಎಲ್ಲಾರಿಗೂ ಬೇಕಾಗ್ತದ ಅಂತ ಬರೀಲಾಕತ್ತೀನಿ.

ಮೊದಲು ಸರಿಯಾಗಿ ಉರಿಯೋದು ಅಂದ್ರ ಏನು ಅಂತ ತಿಳ್ಕೋರಿ, ಇಲ್ಲಂದ್ರ ತಪ್ಪಿದ್ದು ಗೊತ್ತಾಗಂಗಿಲ್ಲ. ರಾಶಿ ಆದ ಮ್ಯಾಲ ಕಣದಾಗ ತೊಗರಿ ಹೊಟ್ಟಿಗೆ ಒಂದು ಮೂಲಿಗೆ ಕಡ್ಡಿ ಗೀರಿದ್ರ ಬೆಂಕಿ ಒಂದೇ ಸರ್ತಿ ಎಲ್ಲಾ ಕಡಿ ಹತ್ತಂಗಿಲ್ಲ, ಸಾಲಾಗಿ ಸರ್ಕೋತ ಸರ್ಕೋತ ಆ ಮೂಲಿ ತನಕ ಹೋಗ್ತದ. ಸಿಲಿಂಡರ್ ಒಳಗೂ ಹಂಗೇ. ಪಿಸ್ಟನ್ ಮ್ಯಾಲ ತುದಿಗೆ ಬರೋಕಿಂತ ಸುಮಾರು 20-25 ಡಿಗ್ರಿ (ಇದು ಶೆಕಿ ಅಳತಿ ಅಲ್ಲ, ಇಂಜಿನ್ ಶಾಫ್ಟ್ ತಿರುಗೋ ಅಳತಿ, ಪೂರ್ತಿ ಸುತ್ತಿಗೆ 360) ಮೊದಲೇ ಪ್ಲಗ್ ಕಿಡಿ ಹಾರಿಸ್ತದ, ಬೆಂಕಿ ಪ್ಲಗ್ ಹತ್ರ ಹುಟ್ಟಿ ಗ್ವಾಡಿ ಕಡಿ ಹೋಗ್ತದ, ಪಿಸ್ಟನ್ ತುದಿ ದಾಟಿ 10-15 ಡಿಗ್ರಿ ಕೆಳಗ ಇಳಿಯೋ ಹೊತ್ತಿಗೆ ಪ್ರೆಷರ್ ಪೂರ್ತಿ ಏರಿ ಅದನ್ನ ಕೆಳಗ ದಬ್ತದ. 3000 ಆರ್‌ಪಿಎಂ ಮ್ಯಾಲ ಓಡೋ ಇಂಜಿನ್‌ದಾಗ ಈ ಕೆಲಸ ಎಲ್ಲಾ ಒಂದು ಸೆಕೆಂಡನ್ನ ಸಾವಿರ ಭಾಗ ಮಾಡಿದ್ರ ಅದರಾಗ ಎರಡು-ಮೂರು ಭಾಗದಾಗ ಮುಗೀತದ. ಈಗ ಇಂಜಿನ್ ತಕರಾರು ಮಾಡಿದಾಗ ನಾ ಕೇಳ್ಕೊಳ್ಳೋದು ಎರಡೇ ಮಾತು, ಬೆಂಕಿ ಯಾವಾಗ ಹತ್ತಿತು, ಎಲ್ಲಿ ಹತ್ತಿತು. ಕಿಡಿಗಿಂತ ಮೊದಲೋ, ಕಿಡಿ ಆದ ಮ್ಯಾಲೋ, ಸ್ವಿಚ್ ಬಂದ್ ಮಾಡಿದ ಮ್ಯಾಲೋ, ಸಿಲಿಂಡರ್ ಒಳಗೋ, ಸೈಲೆನ್ಸರ್‌ದಾಗೋ, ಗಾಳಿ-ಪೆಟ್ರೋಲ್ ಕಲಸೋ ಕಾರ್ಬೊರೇಟರ್‌ದಾಗೋ. ಇದು ಗೊತ್ತಾಯ್ತು ಅಂದ್ರ ಅರ್ಧ ರಿಪೇರಿ ಮುಗೀತು.

ನಾಕಿಂಗ್ ಅನ್ನೋದು ಕಿಡಿ ಆದ ಮ್ಯಾಲಿನ ತಪ್ಪು. ಬೆಂಕಿ ಸರ್ಕೋತ ಬರೋವಾಗ ಆ ಕೊನಿ ಮೂಲ್ಯಾಗ ಉಳಿದ ಗಾಳಿ-ಪೆಟ್ರೋಲ್ ಮುಂದಿನ ಪ್ರೆಷರಿಗೆ, ಶೆಕಿಗೆ ತಾಳಲಾರದ ತಾನೇ ಒಮ್ಮಿಗೇ ಸಿಡೀತದ, ಆ ಅಲೆ ಲೋಹಕ್ಕ ಬಡದು ಟಿಣ್ ಟಿಣ್ ಟಿಣ್ ಅಂತ ಸಪ್ಪಳ, ಡಬ್ಬಿ ಒಳಗ ಸಣ್ಣ ಹರಳು ಅಲುಗಿಸಿದಂಗ. ಹಿಂದ ಎರಡು ಚೀಲ ತೊಗರಿ ಕಟ್ಕೊಂಡು ನಾಕನೇ ಗೇರ್‌ದಾಗೇ ಏರು ಏರಿಸ್ತಾರಲ್ಲ ಬೈಕ್ ಮ್ಯಾಲ, ಆವಾಗ ಕೇಳಿಸೋದು ಇದೇ. ಗೇರ್ ಇಳಿಸಿದ್ರ ನಿಂತ್ರ ಅದು ನಾಕಿಂಗ್ ಅಂತ ಪಕ್ಕಾ. ಗೇರ್ ಇಳಿಸಿದ್ರೂ ಆರ್‌ಪಿಎಂ ಜತಿ ಏರ್ಕೋತ ಹೊಂಟ್ರ ಅದು ಟ್ಯಾಪೆಟ್ (ವಾಲ್ವ್ ಒತ್ತೋ ಭಾಗ) ಇಲ್ಲಾ ಬೇರಿಂಗ್ ಸಪ್ಪಳ, ಅದರ ಔಷಧ ಬ್ಯಾರೆ. ನಾಕಿಂಗಿಗೆ ಕಾರಣ ಲೋಡ್ ಜಾಸ್ತಿ ಆರ್‌ಪಿಎಂ ಕಡಿಮಿ, ಇಂಜಿನ್ ಗರಂ, ಪೆಟ್ರೋಲ್ ಕಡಿಮಿ ಗಾಳಿ ಜಾಸ್ತಿ, ಟೈಮಿಂಗ್ (ಕಿಡಿ ಹಾರೋ ಹೊತ್ತು) ಮುಂದ ಸರ್ದಿರೋದು, ಮತ್ತ ಹೆಡ್‌ದಾಗ ಕಾರ್ಬನ್ ಕಟ್ಟಿ ಜಾಗ ಕಡಿಮಿ ಆಗಿ ಕಂಪ್ರೆಷನ್ (ಪಿಸ್ಟನ್ ಗ್ಯಾಸ್ ಹಿಂಡೋದು) ಏರಿರೋದು. ಪಂಪ್ ಇಂಜಿನ್‌ದಾಗ ಕಂಪ್ರೆಷನ್ ಕಡಿಮಿ ಇರ್ತದ, ಅದಕ್ಕ ಬೈಕಿನಷ್ಟು ನಾಕಿಂಗ್ ಬರಂಗಿಲ್ಲ, ಬಂದ್ರ ಮೊದಲು ಕಾರ್ಬನ್, ರೆಕ್ಕಿ ನೋಡ್ರಿ.

ಆಕ್ಟೇನ್ ಅಂತ ಕೇಳಿರ್ತೀರಿ. ಪೆಟ್ರೋಲ್ ಎಷ್ಟು ಪ್ರೆಷರ್ ತಾಳ್ತದ ಅನ್ನೋ ಅಳತಿ ಅದು, ತಾಕತ್ತಿನ ಅಳತಿ ಅಲ್ಲ. ಐಸೋ ಆಕ್ಟೇನ್‌ಗೆ 100, ಹೆಪ್ಟೇನ್‌ಗೆ ಸೊನ್ನಿ ಅಂತ ಇಟ್ಟು ಅದಕ್ಕ ಹೋಲಿಸ್ತಾರ. 1921ರಾಗ ಅಮೆರಿಕಾದ ಥಾಮಸ್ ಮಿಡ್ಗ್ಲೆ ಸೀಸದ ಸಂಯುಕ್ತ ಪೆಟ್ರೋಲಿಗೆ ಹಾಕಿದ್ರ ನಾಕಿಂಗ್ ನಿಲ್ತದ ಅಂತ ಕಂಡುಹಿಡದ, ಮುಂದ ಅದು ವಿಷ ಅಂತ ಜಗತ್ತೇ ಬಿಡಬೇಕಾಯ್ತು, ನಮ್ಮ ದೇಶದಾಗ 2000ನೇ ಇಸ್ವಿ ಫೆಬ್ರವರಿಯಿಂದ ಪೂರ್ತಿ ಬಂದ್. ಸಾದಾ ಪಂಪ್ ಇಂಜಿನ್‌ಗೆ ರೊಕ್ಕ ಜಾಸ್ತಿ ಕೊಟ್ಟು ಪ್ರೀಮಿಯಂ ಪೆಟ್ರೋಲ್ ಹಾಕೋ ಜರೂರಿಲ್ಲ, ಆ ರೊಕ್ಕಕ್ಕ ಏರ್ ಫಿಲ್ಟರ್ ತರ್ರಿ.

ಇನ್ನ ನಮ್ಮ ಪಿಸ್ಟನ್ ತಿಂದಿದ್ದು ಪ್ರೀ ಇಗ್ನಿಷನ್. ಇದು ಕಿಡಿಗಿಂತ ಮೊದಲೇ ಹತ್ತೋ ಬೆಂಕಿ. ಒಳಗ ಯಾವುದೋ ಒಂದು ಜಾಗ ಕೆಂಡ ಆಗಿರ್ತದ, ಕಾರ್ಬನ್ ತುಣುಕು ಇರಬಹುದು, ತಪ್ಪು ಪ್ಲಗ್‌ನ ತುದಿ ಇರಬಹುದು, ವಾಲ್ವ್ (ಗಾಳಿ ಒಳಗ, ಹೊಗಿ ಹೊರಗ ಬಿಡೋ ಬಾಗಿಲು) ಅಂಚು ಇರಬಹುದು. ಪಿಸ್ಟನ್ ಇನ್ನೂ ಮ್ಯಾಲ ಬರ್ಲಾಕತ್ತಿರ್ತದ, ಅಷ್ಟರಾಗ ಕೆಂಡಕ್ಕ ಗ್ಯಾಸ್ ಹತ್ತಿ ಎದುರಿಗೆ ದಬ್ತದ, ಮ್ಯಾಲ ಬರೋ ಪಿಸ್ಟನ್ ಉರಿಯೋ ಗ್ಯಾಸನ್ನೇ ಹಿಂಡ್ತದ, ಶೆಕಿ ಎಲ್ಲಾ ಪಿಸ್ಟನ್ ತಲಿ ಮ್ಯಾಲ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗ್ತದ, ಪಿಸ್ಟನ್ ಮಾಡೋ ಮಿಶ್ರಲೋಹ ಅದಕ್ಕಿಂತ ಕಡಿಮಿಗೇ. ಮತ್ತ ಭಾಳ ಕೆಟ್ಟದ್ದು ಏನಂದ್ರ ಇದಕ್ಕ ಸಪ್ಪಳನೇ ಇರಂಗಿಲ್ಲ, ಬರೇ ಪವರ್ ಬೀಳ್ತದ, ಗರಂ ಆಗ್ತದ. ನಾಕಿಂಗ್ ಚಿಲ್ಲರ್ ಕಳ್ಳ, ಇದು ಮನಿ ಸುಡೋ ಕಳ್ಳ. ಅವು ಒಂದಕ್ಕೊಂದು ಜೋಡಿ ಸುದ್ದಾ ಅವ, ನಾಕಿಂಗ್ ದಿನಾ ಬಿಟ್ರ ಒಳಗ ಗರಂ ಏರಿ ಕೆಂಡ ಹುಟ್ತದ, ಅಲ್ಲಿಂದ ಪ್ರೀ ಇಗ್ನಿಷನ್. ಸತ್ತ ಪಿಸ್ಟನ್ ನೋಡಿದ್ರೂ ತಿಳೀತದ: ಅಂಚಿನ ಸುತ್ತ ಇಲಿ ತಿಂದಂಗ ಸಣ್ಣ ಸಣ್ಣ ಕುಣಿ, ರಿಂಗ್ ಕೂಡೋ ಜಾಗ ಮುರಿದಿದ್ರ ನಾಕಿಂಗ್, ನಡುವ ಕರಗಿ ತೂತಾಗಿದ್ರ ಪ್ರೀ ಇಗ್ನಿಷನ್.

ಸ್ವಿಚ್ ಬಂದ್ ಮಾಡಿದ್ರೂ ಓಡೋದು ಅದೇ ಕೆಂಡದ ಕಾರಬಾರು. ಕಿಡಿ ಇಲ್ಲ, ಆದ್ರೂ ಬೆಂಕಿ ಹತ್ಲಾಕತ್ತದ ಅಂದ್ರ ಹಚ್ಚೋರು ಯಾರು? ಒಳಗಿನ ಕೆಂಡ. ಹಿಂಗ ಒಂದು ಸರ್ತಿ ಕಂಡ್ರ ಅವತ್ತೇ ಕೆಲಸ ನಿಲ್ಲಿಸ್ರಿ, ದಯಮಾಡಿ. ಒಂದು ಮಾತು ಅದ, ಸ್ವಿಚ್ ವೈರ್ ಕಿತ್ತಿದ್ರೂ ಬಂದ್ ಆಗಂಗಿಲ್ಲ, ಈ ಇಂಜಿನ್‌ದಾಗ ಸ್ವಿಚ್ ಅಂದ್ರ ಕಾಯಿಲ್ (ಕಿಡಿಗೆ ಕರೆಂಟ್ ಹುಟ್ಟಿಸೋ ಸುರುಳಿ) ವೈರನ್ನ ಬಾಡಿಗೆ ಮುಟ್ಟಿಸೋದು. ಫರಕ್ ಹೆಂಗ ತಿಳಿಯೋದು ಅಂದ್ರ, ವೈರ್ ಕಿತ್ತಿದ್ರ ಇಂಜಿನ್ ಏನೂ ಆಗಿಲ್ಲ ಅನ್ನೋಹಂಗ ಸಾಫ್ ಓಡ್ತಾನೇ ಇರ್ತದ, ಕೆಂಡ ಇದ್ರ ಒದ್ಯಾಡಿ ಒದ್ಯಾಡಿ ನಿಲ್ತದ. ಎರಡಕ್ಕೂ ಆಗಿಂದಾಗ ಮಾಡೋದು ಪೆಟ್ರೋಲ್ ಕಾಕ್ ಬಂದ್ ಮಾಡಿ ಚೋಕ್ (ಕಾರ್ಬೊರೇಟರ್‌ಗೆ ಗಾಳಿ ತಡಿಯೋ ಮುಚ್ಚಳ) ಎಳಿಯೋದು.

ಈಗ ಸಿಲಿಂಡರ್ ಹೊರಗ ಹತ್ತೋ ಬೆಂಕಿ. ಸೈಲೆನ್ಸರ್‌ದಾಗ ಫಟಾಕಿ ಹೊಡದಂಗ ಆದ್ರ ಅಂಜಬ್ಯಾಡ್ರಿ, ಒಳಗ ಉರೀಲಾರದ ಪೆಟ್ರೋಲ್ ಅಲ್ಲಿಗೆ ಹೋಗಿ ಉರದದ ಅಷ್ಟೇ. ಫುಲ್ ಸ್ಪೀಡಿನಾಗ ಇದ್ದಾಗ್ಲೇ ಸ್ವಿಚ್ ಹೊಡದ್ರ ಹಿಂಗ ಆಗ್ತದ, ಅದಕ್ಕ ಆಕ್ಸಿಲೇಟರ್ ಪೂರ್ತಿ ಇಳಿಸಿ ಅರ್ಧ-ಒಂದು ನಿಮಿಷ ಸ್ಲೋ ಓಡಿಸಿ ಬಂದ್ ಮಾಡ್ರಿ, ಇಂಜಿನ್ ತಣ್ಣಗೂ ಆಗ್ತದ. ಓಡೋವಾಗ್ಲೇ ದಿನಾ ಹೊಡೀಲಾಕತ್ರ ಪ್ಲಗ್ ಮಿಸ್ ಹೊಡಿತದ, ಪೆಟ್ರೋಲ್ ಜಾಸ್ತಿ ಆಗ್ಯಾದ, ಸೈಲೆನ್ಸರ್ ಗ್ಯಾಸ್ಕೆಟ್ ಲೀಕ್ ಅದ, ಇಲ್ಲಾ ಎಕ್ಸಾಸ್ಟ್ ವಾಲ್ವ್ ಕೂಡಲಾಕತ್ತಿಲ್ಲ, ಈ ನಾಕರಾಗ ಒಂದು.

ಕಾರ್ಬೊರೇಟರ್ ಕಡಿಂದ ಫುಸ್ ಅಂತ ಬೆಂಕಿ ಉಗುಳಿದ್ರ ಅದಕ್ಕ ಲಕ್ಷ್ಯ ಕೊಡಬೇಕು, ಪೆಟ್ರೋಲ್ ಇರೋ ಕಡಿಗೇ ಬೆಂಕಿ ಬರ್ಲಾಕತ್ತದ. ತಣ್ಣಗಿದ್ದಾಗ ಚೋಕ್ ಲಗೂ ತಗದ್ರ ಒಂದೆರಡು ಸರ್ತಿ ಆಗ್ತದ, ಅದು ಮಾಮೂಲಿ. ಗರಂ ಆದ ಮ್ಯಾಲೂ ಆದ್ರ ಜೆಟ್ (ಕಾರ್ಬೊರೇಟರ್‌ದಾಗ ಪೆಟ್ರೋಲ್ ಬರೋ ಸಣ್ಣ ತೂತು) ಕಟ್ಟಿ ಪೆಟ್ರೋಲ್ ಕಡಿಮಿ ಆಗ್ಯಾದ, ಇಲ್ಲಾ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚಲಾಕತ್ತಿಲ್ಲ, ಇಲ್ಲಾ ಟೈಮಿಂಗ್ ಸರ್ದದ. ಇಂಥ ಇಂಜಿನ್‌ದಾಗ ಟೈಮಿಂಗ್ ಅಡ್ಜಸ್ಟ್ ಇರಂಗಿಲ್ಲ, ಮತ್ತ ಹೆಂಗ ಸರೀತದ ಅಂತೀರಾ? ಫ್ಲೈವೀಲ್‌ಗೆ ಒಂದು ಸಣ್ಣ ಕೀ ಇರ್ತದ. ಪಂಪ್ ಒಳಗ ಹರಳು ಸಿಕ್ಕು ಶಾಫ್ಟ್ ಗಪ್ಪನ ನಿಂತ್ರ ಭಾರ ಇರೋ ಫ್ಲೈವೀಲ್ ನಿಲ್ಲಂಗಿಲ್ಲ, ಆ ಕೀ ಅರ್ಧ ಕತ್ತರಿಸಿ ಫ್ಲೈವೀಲ್ ಜರ ಸರ್ಕೊಂಡು ಕೂಡ್ತದ. ಕಿಡಿ ಬರ್ತದ, ಪೆಟ್ರೋಲ್ ಬರ್ತದ, ಕಂಪ್ರೆಷನ್ ಅದ, ಆದ್ರೂ ಚಾಲೂ ಆಗಂಗಿಲ್ಲ, ಎಳದ್ರ ರಸ್ಸಿ ಕೈ ಹಿಂದಕ್ಕ ಜಗ್ತದ, ಇದು ಕಂಡ್ರ ಕಾರ್ಬೊರೇಟರ್ ಬಿಚ್ಚಬ್ಯಾಡ್ರಿ, ಫ್ಲೈವೀಲ್ ಬಿಚ್ಚಿ ಕೀ ನೋಡ್ರಿ.

ಹಂಗಾದ್ರ ಹೊಲದಾಗ ನಿಂತಾಗ ಏನ್ ಮಾಡಬೇಕು. ಒಬ್ಬೊಬ್ಬರು ಇಂಜಿನ್ ನಿಂತ ಕೂಡ್ಲೆ ಸ್ಕ್ರೂ ಡ್ರೈವರ್ ತಗೊಂಡು ಕಾರ್ಬೊರೇಟರ್ ಸ್ಕ್ರೂ ತಿರುವ್ತಾರ, ಅದೊಂದು ಮಾಡಬ್ಯಾಡ್ರಿ, ನಿನ್ನಿ ತನಕ ಸರಿ ಇದ್ದ ಸ್ಕ್ರೂ ರಾತ್ರೋರಾತ್ರಿ ತಾನೇ ತಿರುಗಂಗಿಲ್ಲ. ಮೊದಲು ಆಯಿಲ್ ನೋಡ್ರಿ. ಭಾಳ ಪಂಪ್, ಜನರೇಟರ್‌ದಾಗ ಆಯಿಲ್ ಕಡಿಮಿ ಆದ್ರ ಕಿಡಿನೇ ಬಂದ್ ಮಾಡೋ ಸೆನ್ಸರ್ ಇರ್ತದ, ಇಂಜಿನ್ ಇಳಿಜಾರಿನ್ಯಾಗ ಇಟ್ರೂ ಅದು ಆಯಿಲ್ ಇಲ್ಲ ಅಂತ ತಿಳೀತದ, ಮಂದಿ ಕಾಯಿಲ್ ಹೋಗ್ಯಾದ ಅಂತ ಹೊಸಾದು ತರ್ತಾರ. ಸಮ ಜಾಗದಾಗ ಇಟ್ಟು ಆಯಿಲ್ ಹಾಕಿ ನೋಡ್ರಿ. ಆಮ್ಯಾಲ ಪೆಟ್ರೋಲ್ ಟ್ಯಾಂಕ್ ಮುಚ್ಚಳ. ಹತ್ತು-ಹದಿನೈದು ನಿಮಿಷ ಛಲೋ ಓಡಿ ನಿಲ್ತದ, ಜರ ಬಿಟ್ಟು ಚಾಲೂ ಮಾಡಿದ್ರ ಮತ್ತ ಅಷ್ಟೇ ಹೊತ್ತು ಓಡ್ತದ ಅಂದ್ರ ಮುಚ್ಚಳದಾಗಿನ ಗಾಳಿ ತೂತು ಧೂಳಿಗೆ ಕಟ್ಟಿರ್ತದ. ನಿಂತ ಕೂಡ್ಲೆ ಮುಚ್ಚಳ ಸಡ್ಲ ಮಾಡ್ರಿ, ಸುಯ್ ಅಂತ ಗಾಳಿ ಎಳ್ಕೊಂಡ್ರ ಅದೇ ರೋಗ. ಸೂಜಿ ಒಂದು ಸಾಕು.

ಆಮ್ಯಾಲ ಪ್ಲಗ್. ಇಂಜಿನ್ ಲೋಡ್ ಮ್ಯಾಲ ಓಡಿಸಿ ಬಂದ್ ಮಾಡಿ, ತಣ್ಣಗಾದ ಮ್ಯಾಲ ಬಿಚ್ರಿ, ಗರಂ ಇದ್ದಾಗ ಬಿಚ್ಚಿದ್ರ ಅಲ್ಯೂಮಿನಿಯಂ ಹೆಡ್ ಚೂಡಿ ಕಿತ್ಕೊಂಡು ಬರ್ತದ. ಬಿಚ್ಚೋಕಿಂತ ಮೊದಲು ಸುತ್ತ ಧೂಳ ಊದ್ರಿ, ಇಲ್ಲಂದ್ರ ಒಳಗ ಬೀಳ್ತದ. ಬಿಸ್ಕಿಟ್ ಬಣ್ಣ ಇದ್ರ ಒಳಗ ಎಲ್ಲಾ ಸರಿ ಅದ. ಮಸಿ ಹಂಗ ಒಣ ಕರಿ ಇದ್ರ ಪೆಟ್ರೋಲ್ ಜಾಸ್ತಿ, ಅಂದ್ರ ಫಿಲ್ಟರ್ ಕಟ್ಟಿದದ ಇಲ್ಲಾ ಚೋಕ್ ಪೂರ್ತಿ ತೆರೀಲಾಕತ್ತಿಲ್ಲ. ಜಿಡ್ಡು ಜಿಡ್ಡು ಕರಿ ಇದ್ರ ಆಯಿಲ್ ಮ್ಯಾಲ ಬರ್ಲಾಕತ್ತದ, ರಿಂಗ್ ಸವ್ದಾವ ಇಲ್ಲಾ ಆಯಿಲ್ ಜಾಸ್ತಿ ಹಾಕೀರಿ, ಟೂ ಸ್ಟ್ರೋಕ್ ಆದ್ರ ಮಿಕ್ಸ್ ಜಾಸ್ತಿ ಆಗ್ಯಾದ. ಸುಣ್ಣ ಹಂಗ ಬೆಳ್ಳಗ ಇದ್ರ, ತುದಿ ಕರಗಿದ್ರ, ಪಿಂಗಾಣಿ ಮ್ಯಾಲ ಅಲ್ಯೂಮಿನಿಯಂ ಸಣ್ಣ ಚುಕ್ಕಿ ಹೊಳದ್ರ ಅಲ್ಲಿಗೇ ಕೈ ಬಿಡ್ರಿ, ಪಿಸ್ಟನ್ ಕರಗ್ಲಾಕ ಸುರು ಆಗ್ಯಾದ. ನಮ್ಮ ಪ್ಲಗ್ ಹಂಗೇ ಇತ್ತು, ಎರಡು ದಿನ ಮೊದಲು ಬಿಚ್ಚಿದ್ರ ಪಿಸ್ಟನ್ ಉಳೀತಿತ್ತು.

ಪ್ಲಗ್ ತರೋವಾಗ ಹಳೇದು ಕೈಯಾಗ ಹಿಡ್ಕೊಂಡು ಹೋಗ್ರಿ ಅಂತ ನಾ ಹೇಳಂಗಿಲ್ಲ, ಹಳೇದೇ ತಪ್ಪಿರಬಹುದು. ಇಂಜಿನ್ ಬುಕ್ಕಿನಾಗ ಬರದ ನಂಬರ್ ತಗೊಂಡು ಹೋಗ್ರಿ. ನಂಬರ್ ಒಳಗ ಒಂದು ಅಂಕಿ ಗರಂ-ತಣ್ಣನ ಹೇಳ್ತದ, ಎನ್‌ಜಿಕೆ ಪ್ಲಗ್‌ದಾಗ ಅಂಕಿ ದೊಡ್ಡದಾದಂಗ ಪ್ಲಗ್ ತಣ್ಣಗಿನದು, ಬಾಷ್‌ದಾಗ ಅಂಕಿ ದೊಡ್ಡದಾದಂಗ ಗರಂ ಜಾತಿದು, ಪೂರಾ ಉಲ್ಟಾ, ಅಂಗಡ್ಯಾವರು ಎಡವೋದು ಇಲ್ಲೇ. ಗ್ಯಾಪ್ ನಮ್ಮ ನಮೂನಿ ಫೋರ್ ಸ್ಟ್ರೋಕ್‌ಗೆ 0.7ರಿಂದ 0.8 ಎಂಎಂ, ಟೂ ಸ್ಟ್ರೋಕ್ ಸಣ್ಣ ಮಷಿನ್‌ಗೆ ಸುಮಾರು 0.6-0.7. ಕೈಲೆ ಪೂರ್ತಿ ತಿರುವಿ ಕೂಡಿಸಿ ಆಮ್ಯಾಲ ಪಾನಾ ಹಚ್ರಿ, ಹೊಸಾ ಪ್ಲಗ್ ಆದ್ರ ಅರ್ಧ ಸುತ್ತು, ಹಳೇದಾದ್ರ ಕಾಲು ಸುತ್ತಿಗಿಂತ ಜಾಸ್ತಿ ಬ್ಯಾಡ. ಸಡ್ಲ ಬಿಟ್ರೂ ಪ್ಲಗ್ ಗರಂ ಆಗಿ ಪ್ರೀ ಇಗ್ನಿಷನ್ ಆಗ್ತದ, ಯಾಕಂದ್ರ ಪ್ಲಗ್ ತನ್ನ ಶೆಕಿ ಹೆಡ್‌ಗೆ ದಾಟಿಸೋದು ಚೂಡಿ, ವಾಷರ್ ಮುಖಾಂತರನೇ. ಕಿಡಿ ನೋಡೋವಾಗ ಪ್ಲಗ್ ಹೊರಗ ಬಾಡಿಗೆ ಹಚ್ಚಿ ರಸ್ಸಿ ಎಳೀರಿ, ಆದ್ರ ಪ್ಲಗ್ ತೂತಿನ ಹತ್ರ ಹಿಡೀಬ್ಯಾಡ್ರಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರ್ತದ.

ಪೆಟ್ರೋಲ್ ಜಾಸ್ತಿನೋ ಕಡಿಮಿನೋ ಅಂತ ತಿಳೀಲಾಕ ಚೋಕ್ ಒಂದೇ ಸಾಕು. ಓಡೋವಾಗ ಅರ್ಧ ಚೋಕ್ ಎಳೀರಿ. ಇಂಜಿನ್ ಸುಧಾರಿಸಿದ್ರ ಅದಕ್ಕ ಪೆಟ್ರೋಲ್ ಸಾಲಲಾಕತ್ತಿಲ್ಲ, ಜೆಟ್ ಸ್ವಚ್ಛ ಮಾಡ್ರಿ ಇಲ್ಲಾ ಗ್ಯಾಸ್ಕೆಟ್ ಲೀಕ್ ಹುಡುಕ್ರಿ. ಇನ್ನೂ ಕೆಟ್ಟು ಕರಿ ಹೊಗಿ ಬಿಟ್ರ ಪೆಟ್ರೋಲ್ ಜಾಸ್ತಿ ಅದ, ಫಿಲ್ಟರ್ ನೋಡ್ರಿ. ಜೆಟ್ ತೂತಿಗೆ ತಂತಿ ಹಾಕಿ ತಿವೀಬ್ಯಾಡ್ರಿ, ತೂತು ದೊಡ್ಡದಾದ್ರ ಅಳತಿನೇ ಹೋಯ್ತು, ಗಾಳಿ ಊದ್ರಿ, ಕಾರ್ಬೊರೇಟರ್ ಕ್ಲೀನರ್ ಹೊಡೀರಿ.

ಎಥನಾಲ್ ಬಗ್ಗಿ ಭಾಳ ಮಂದಿ ಕೇಳ್ತಾರ. ಈಗ ಪೆಟ್ರೋಲ್‌ದಾಗ ಶೇಕಡಾ 20 ಎಥನಾಲ್ ಬರ್ತದ. ಎಥನಾಲ್ ನಾಕಿಂಗಿಗೆ ವೈರಿ, ಅದರ ಆಕ್ಟೇನ್ 100ರ ಮ್ಯಾಲೇ ಅದ, ಆ ಲೆಕ್ಕದಾಗ ಒಳ್ಳೇದೇ. ಆದ್ರ ಒಂದು ಕಿಲೋ ಪೆಟ್ರೋಲ್ ಉರೀಲಾಕ 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಕಿಲೋ ಸಾಕು. ನಮ್ಮ ಹಳೇ ಕಾರ್ಬೊರೇಟರ್ ಜೆಟ್‌ಗೆ ಇದೇನೂ ಗೊತ್ತಿಲ್ಲ, ಅದು ಮೊದಲಿನಷ್ಟೇ ಬಿಡ್ತದ, ಹಂಗಾಗಿ ಮಿಶ್ರಣದಾಗ ಗಾಳಿ ಜಾಸ್ತಿ ಆದಂಗ ಆಗ್ತದ, ಅಂದ್ರ ಇಂಜಿನ್ ಜರ ಗರಂ ಓಡ್ತದ. ಹಳೇ ರಬ್ಬರ್ ಪೈಪ್, ಡಯಾಫ್ರಾಮ್ ಉಬ್ಬಿ ಹಾಳಾಗ್ತಾವ. ಎಥನಾಲ್ ನೀರನ್ನ ಎಳ್ಕೋತದ, ಮಳಿಗಾಲದಾಗ ಅರ್ಧ ಟ್ಯಾಂಕ್ ಬಿಟ್ಟು ಎರಡು ತಿಂಗಳ ಇಟ್ರ ತಳದಾಗ ನೀರು-ಎಥನಾಲ್ ಬ್ಯಾರೆ ಆಗಿ ಕೂಡ್ತದ, ಕಾಕ್ ಎಳ್ಕೊಳ್ಳೋದು ಅದನ್ನೇ. ಟೂ ಸ್ಟ್ರೋಕ್‌ದಾಗ ಆ ತಳದ ನೀರಿನಾಗ ಆಯಿಲ್ ಇರಂಗಿಲ್ಲ, ಅದು ಓಡಿದ್ರ ಪಿಸ್ಟನ್ ಸೀಜ್.

ಟೂ ಸ್ಟ್ರೋಕ್ ಸ್ಪ್ರೇಯರ್ ಬಗ್ಗಿ ಇನ್ನೊಂದೆರಡು ಮಾತು. ತೊಗರಿ ಹೂವಿಗೆ ಬಂದಾಗ ಕಾಯಿಕೊರಕಕ್ಕ ದಿನಾ ಹೊಡೀತೀವಿ, ಅವಸರದಾಗ ಆಯಿಲ್ ಅಂದಾಜಿನ ಮ್ಯಾಲ ಸುರೀತೀವಿ. 25ಕ್ಕ 1 ಅಂದ್ರ ಲೀಟರಿಗೆ 40 ಎಂಎಲ್, 40ಕ್ಕ 1 ಅಂದ್ರ 25 ಎಂಎಲ್, 50ಕ್ಕ 1 ಅಂದ್ರ 20 ಎಂಎಲ್, ಬುಕ್ಕಿನಾಗ ಯಾವುದು ಅದ ನೋಡಿ ಔಷಧದ ಅಳತಿ ಮುಚ್ಚಳ ಬ್ಯಾಡ, ಬ್ಯಾರೆ ಸಿರಿಂಜ್ ಇಟ್ಕೊಂಡು ಹಾಕ್ರಿ. ಆಯಿಲ್ ಜಾಸ್ತಿ ಹಾಕಿದ್ರ ಒಳ್ಳೇದು ಅಂತಾರ, ಅಲ್ಲ, ಕಾರ್ಬನ್ ಕಟ್ಟಿ ಎಕ್ಸಾಸ್ಟ್ ತೂತು ಸಣ್ಣದಾಗಿ ಮಷಿನ್ ಏಳಂಗಿಲ್ಲ, ಮ್ಯಾಲಿಂದ ಆಯಿಲ್ ಹಾಕಿದಷ್ಟು ಪೆಟ್ರೋಲ್ ಪಾಲು ಕಡಿಮಿ ಆಗ್ತದ. ಆಕ್ಸಿಲೇಟರ್ ಬಿಟ್ರೂ ಮಷಿನ್ ತಾನೇ ಏರ್ಕೋತ ಹೊಂಟ್ರ, ಲಗೂನ ಇಳೀಲಿಲ್ಲಂದ್ರ ಎಲ್ಲೋ ಗಾಳಿ ಎಳೀಲಾಕತ್ತದ, ಕಾರ್ಬೊರೇಟರ್ ಗ್ಯಾಸ್ಕೆಟ್ ಇಲ್ಲಾ ಕ್ರ್ಯಾಂಕ್ ಸೀಲ್. ಬಂದ್ ಮಾಡಿ ಜೋಡಿಸಿದ ಸಂದಿಗೆ ದಪ್ಪ ಗ್ರೀಸ್ ಹಚ್ಚಿ ಚಾಲೂ ಮಾಡ್ರಿ, ಸ್ಪೀಡ್ ಇಳದ್ರ ಲೀಕ್ ಅಲ್ಲೇ.

ಧೂಳು ನಮ್ಮ ಭಾಗದ ದೊಡ್ಡ ವೈರಿ, ಶಹಾಬಾದ್ ಕಡಿ ಕಲ್ಲಿನ ಪುಡಿ ಇರೋ ಕಡಿ ಕೆಲಸ ಮಾಡೋರಿಗಂತೂ ಭಾಳ. ಸ್ಪಂಜ್ ಫಿಲ್ಟರ್ ವಾರಕ್ಕೊಮ್ಮಿ ಸಾಬೂನು ನೀರಿನಾಗ ತೊಳದು ಒಣಗಿಸಿ ನಾಕು ಹನಿ ಇಂಜಿನ್ ಆಯಿಲ್ ಹಾಕಿ ಹಿಂಡಿ ಕೂಡಿಸ್ರಿ, ಕಾಗದದ್ದಾದ್ರ ತೊಳೀಬ್ಯಾಡ್ರಿ, ಝಾಡಿಸ್ರಿ ಇಲ್ಲಾ ಬದಲಿ ಮಾಡ್ರಿ. ಫಿಲ್ಟರ್ ತಗದು ಓಡಿಸಿದ್ರ ಪವರ್ ಬರ್ತದ ಅನ್ನೋರ ಮಾತು ಕೇಳಬ್ಯಾಡ್ರಿ, ಬೋರ್, ರಿಂಗ್ ಲಗೂನೇ ಸವೀತಾವ. ಫ್ಯಾನ್ ಕವರ್ ಬಿಚ್ಚಿ ರೆಕ್ಕಿ ಸಂದಿ ಬ್ರಷ್‌ಲೆ ತಿಕ್ರಿ, ಇದನ್ನ ಸೀಸನ್‌ಗೆ ಎರಡು ಸರ್ತಿ ಆದ್ರೂ. ಬುಕ್ಕಿನಾಗ ವಾಲ್ವ್ ಗ್ಯಾಪ್ ಕೊಟ್ಟಿರ್ತಾರ, ನಮ್ಮದಕ್ಕ ತಣ್ಣಗಿದ್ದಾಗ ಇನ್‌ಟೇಕ್ 0.15 ಎಂಎಂ, ಎಕ್ಸಾಸ್ಟ್ 0.20, ಫೀಲರ್ ಗೇಜ್ ಇದ್ದ ಮಿಸ್ತ್ರಿ ಕಡಿಂದ ವರ್ಷಕ್ಕೊಮ್ಮಿ ನೋಡಿಸ್ರಿ, ಗ್ಯಾಪ್ ಇಲ್ಲದ ವಾಲ್ವ್ ಮುಚ್ಚಂಗಿಲ್ಲ, ಮುಚ್ಚಲಾರದ ವಾಲ್ವ್ ಸುಡ್ತದ, ಸುಟ್ಟ ಅಂಚೇ ಮತ್ತ ಕೆಂಡ.

ಮತ್ತ ಯಾವ ಟೆಸ್ಟ್ ಮಾಡಿದ್ರೂ ಬಯಲಿನಾಗ ಮಾಡ್ರಿ. ಕರೆಂಟ್ ಹೋದಾಗ ಅಂಗಡಿ ಒಳಗ ಶಟರ್ ಇಳಿಸಿ ಜನರೇಟರ್ ಹಚ್ಚೋದು ನೋಡೀನಿ, ಅದರ ಹೊಗ್ಯಾಗ ಕಾರ್ಬನ್ ಮೊನಾಕ್ಸೈಡ್ ಇರ್ತದ, ವಾಸನಿ ಇಲ್ಲ, ಬಣ್ಣ ಇಲ್ಲ, ಕುಂತಲ್ಲೇ ಜೀವ ಹೋಗ್ತದ.

ನಮ್ಮ ಪಂಪಿಗೆ ಹೊಸ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಹಾಕಿಸಿ ಬೋರ್ ನೋಡಿಸಿದ್ವಿ, ಬುಕ್ಕಿನ ನಂಬರಿನ ಪ್ಲಗ್ ತಂದ್ವಿ. ಈಗ ಅಣ್ಣ ಸ್ವಿಚ್ ಬಂದ್ ಮಾಡಿ ಅಲ್ಲೇ ನಿಂತು ಕಿವಿ ಕೊಟ್ಟು ಕೇಳ್ತಾನ, ಒಮ್ಮಿಗೇ ನಿಂತ್ರನೇ ಮನಿಗೆ ಬರ್ತಾನ. ಮೊನ್ನೆ ಪ್ಲಗ್ ಬಿಚ್ಚಿ ನನ್ನ ಕೈಯಾಗ ಇಟ್ಟ, ಬಿಸ್ಕಿಟ್ ಬಣ್ಣ ಇತ್ತು.